ಹಳೆಯ ಪೇಟೆಯೂ ಹೊಸ ಸಂಕೀರ್ಣವೂ

ದಶಕಗಳ ಕಾಲ ಮಂಗಳೂರಿನ ವ್ಯಾಪಾರಜೀವನಕ್ಕೆ ಆಧಾರವಾಗಿದ್ದು, 2020ರ ಲಾಕ್‌ಡೌನಿನಲ್ಲಿ ವರ್ತಕರನ್ನು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಕಳುಹಿಸಿ ಬಾಗಿಲು ಮುಚ್ಚಿದ ಕೇಂದ್ರ ಮಾರುಕಟ್ಟೆಯನ್ನು ಕೆಡವಿ, ಆ ಸ್ಥಳದಲ್ಲಿ ಖಾಸಗಿ ಸಹಭಾಗಿತ್ವದ ಬಹುಮಹಡಿ ಸಂಕೀರ್ಣವನ್ನು ಕಟ್ಟುವ ಯೋಜನೆಯು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಪೌರರೂ ಲಕ್ಷ್ಯವಿಟ್ಟು ನೋಡತಕ್ಕ ವಿಷಯವಾಗಿದೆ. ಜೀರ್ಣವಾದ ಕಟ್ಟಡಕ್ಕೆ ಕಾಯಕಲ್ಪವು ಅವಶ್ಯವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬಂಡವಾಳ ಹೂಡಿದವನು ಲಾಭವನ್ನು ಬಾಡಿಗೆಯಿಂದಲೇ ಪಡೆಯಬೇಕಾಗಿರುವುದರಿಂದ, ಹೂವು, ತರಕಾರಿ, ಮೀನುಗಳನ್ನು ಮಾರಿ ಸಂಸಾರ ಸಾಗಿಸುವವರು ತಮ್ಮ ಪೇಟೆಯಿಂದಲೇ ಹೊರಬೀಳುವ ಭೀತಿಯು ನಿರಾಧಾರವಲ್ಲ.

ಆದುದರಿಂದ, ಹಳೆಯ ವ್ಯಾಪಾರಿಗಳಿಗೆ ಪ್ರಥಮ ಹಕ್ಕು, ಅವರ ಶಕ್ತಿಗೆ ನಿಲುಕುವ ಬಾಡಿಗೆ, ಕಾಮಗಾರಿಗೆ ನಿಶ್ಚಿತ ಅವಧಿ, ಈ ಮೂರನ್ನೂ ಕರಾರಿನಲ್ಲಿ ಬರೆದಿಡದೆ ನಮ್ಮ ಕರಾವಳಿಯ ಯಾವ ಸಾರ್ವಜನಿಕ ಮಾರುಕಟ್ಟೆಯನ್ನೂ ಕೆಡವಕೂಡದೆಂಬುದು ಈ ಪತ್ರಿಕೆಯ ದೃಢವಾದ ಅಭಿಪ್ರಾಯ.