ಹಗೇವಿನ ಕಾಳು, ಡಿಸ್ಕಿನ ಅಕ್ಷರ

ಈ ಸಾರೆ ನಾವು ಬರೆಯಲೆತ್ತಿಕೊಂಡ ವಿಷಯವು ಗೃಹಕೃತ್ಯದ ಪುಟಗಳಿಗೆ ಸಲ್ಲದೆಂದು ಕೆಲವರಿಗೆ ತೋರಬಹುದು. ಆದರೆ ಮದುವೆ-ಮುಂಜಿವೆಗಳ ಭಾವಚಿತ್ರ, ಮಕ್ಕಳ ಪ್ರಮಾಣಪತ್ರ, ಹೊಲ-ಮನೆಗಳ ಕಾಗದಗಳ ನಕಲು, ಹಿರಿಯರ ಧ್ವನಿ, ಇವೆಲ್ಲ ಇಂದು ಹಾರ್ಡ್‌ಡಿಸ್ಕೆಂಬ ಅಂಗೈಯಗಲದ ಪೆಟ್ಟಿಗೆಯಲ್ಲಿ ಇರುತ್ತಿರಲು, ಆ ಪೆಟ್ಟಿಗೆಯ ಆರೋಗ್ಯವು ಗೃಹಸ್ಥರ ಚಿಂತೆಗೆ ಹೊರತಾಗುವದೆಂತು? ನಮ್ಮ ಸೀಮೆಯಲ್ಲಿ ಜೋಳವನ್ನು ಹಗೇವಿಗೆ ಹಾಕುವ ಮುಂಚೆ ಹಿರಿಯರು ಅದರ ಒಳಗೋಡೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು; ಎಲ್ಲಿಯಾದರೂ ಹಸಿ ಹತ್ತಿದ್ದರೆ ಕಾಳು ತುಂಬುತ್ತಿದ್ದಿಲ್ಲ. ಅಂಥ ನೋಟವು ಡಿಸ್ಕಿಗೂ ಉಂಟು. ಅದನ್ನು ನಾವು ತಡವಾಗಿ ಕಲಿತೆವು. ಕಲಿತ ಪ್ರಸಂಗವನ್ನೇ ಮೊದಲು ಹೇಳುವೆವು.

ನಮ್ಮ ತಾಯಿಯವರು ಬೀಸುವ ಪದ, ಸೋಬಾನೆಯ ಪದಗಳನ್ನು ಬಹಳವಾಗಿ ಬಲ್ಲವರಾಗಿದ್ದರು. ಅವರ ಕಡೆಯ ಎರಡು ವರುಷಗಳಲ್ಲಿ ನಾವು ಚಿಕ್ಕ ಧ್ವನಿಮುದ್ರಣ ಯಂತ್ರವೊಂದನ್ನು ಎದುರಿಗಿಟ್ಟು, ಸುಮಾರು ಹನ್ನೊಂದು ತಾಸಿನ ಹಾಡುಗಳನ್ನು ಹಿಡಿದು, ಒಂದು ಡಿಸ್ಕಿನಲ್ಲಿ ತುಂಬಿಟ್ಟಿದ್ದೆವು. ಒಂದೇ ಡಿಸ್ಕು, ಈ ಮಾತನ್ನು ವಾಚಕರು ಲಕ್ಷದಲ್ಲಿಡಬೇಕು. ಅದು ಇದ್ದುದು ಪಡಸಾಲೆಯ ಮೇಜಿನ ಮೇಲೆ. ಗೋಡೆಯಾಚೆ ನೆರೆಯವರ ವಿದ್ಯುತ್ ಮಗ್ಗಗಳು. ರಬಕವಿಯಲ್ಲಿ ಮಗ್ಗದ ಸಪ್ಪಳವಿಲ್ಲದ ಓಣಿಯನ್ನು ಹುಡುಕಿಯೇ ಕಾಣಬೇಕು. ಕಳೆದ ಮಾಘಮಾಸದಲ್ಲಿ ತಾಯಿಯವರ ಶ್ರಾದ್ಧದ ಮುನ್ನಾದಿನ ಹಾಡು ಕೇಳೋಣವೆಂದು ಕುಳಿತರೆ, ನಡುವೆಯೇ ದನಿ ನಿಂತಿತು. ಪೆಟ್ಟಿಗೆಯೊಳಗಿಂದ ಟಿಕ್ ಟಿಕ್ ಎಂಬ ಸಪ್ಪಳ ಬರತೊಡಗಿತು. ನಾವು ಗಾಬರಿಗೊಂಡು ಅದನ್ನು ಒಂದು ದುರಸ್ತಿಯ ಅಂಗಡಿಗೆ ಒಯ್ದೆವು. ಅಂಗಡಿಯ ಗೃಹಸ್ಥನು ‘ಚೆಕ್‌ಡಿಸ್ಕ್’ ಎಂಬ ಆಜ್ಞೆಯನ್ನು ‘ಆರ್’ ಎಂಬಕ್ಷರದೊಡನೆ ಕೊಟ್ಟು ರಾತ್ರಿಯೆಲ್ಲ ನಡೆಯಿಸಿದನು. ಬೆಳಗಾಗುವಷ್ಟರಲ್ಲಿ ಎಷ್ಟೋ ಹಾಡುಗಳ ಹೆಸರೇ ಇಲ್ಲವಾಗಿ, ‘ಫೌಂಡ್’ ಎಂಬ ಹೊಸದೊಂದು ಕಡತಕೋಶದಲ್ಲಿ ಬರಿಯ ಅಂಕಿಗಳನ್ನು ಹೊತ್ತ ತುಂಡುಗಳು ಬಿದ್ದಿದ್ದವು. ಟಿಕ್ ಟಿಕ್ ಎಂಬ ಸಪ್ಪಳವಂತೂ ಇಮ್ಮಡಿಯಾಗಿತ್ತು. ತಪ್ಪು ಅವನದೆಂದು ನಾವು ಹೇಳಲಾರೆವು. ಒಳಗೆ ಏನಿದೆಯೆಂಬುದನ್ನೂ ಬೇರೆ ನಕಲಿಲ್ಲವೆಂಬುದನ್ನೂ ಅವನಿಗೆ ತಿಳಿಸದವರು ನಾವೇ.

ಅದೇ ವಾರ ನಮ್ಮ ಅಕ್ಕನ ಮಗನು ಊರಿಗೆ ಬಂದನು. ಕಂಪ್ಯೂಟರಿನ ಕೆಲಸದವನು. ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಕೇಳಿ, ಕೂಡಲೆ ತಂತಿಯನ್ನು ಕಿತ್ತಿಟ್ಟನು. “ಮಾಮಾ, ಜಡ್ಡಾದವರನ್ನ ಓಡಿಸಿ ನೋಡತಾರೇನ್ರಿ? ಮೊದಲ ನಕಲ ತಗೀಬೇಕು, ಆಮ್ಯಾಲೆ ಪರೀಕ್ಷಾ,” ಎಂದನು. ಮೂವತ್ತು ವರುಷ ಪರೀಕ್ಷೆಗಳನ್ನು ನಡೆಯಿಸಿದ ನಮಗೆ ಈ ಪಾಠವು ಹೊಸದು.

ಡಿಸ್ಕಿನೊಳಗೆ ಅಯಸ್ಕಾಂತದ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ 5,400 ಇಲ್ಲವೆ 7,200 ಸುತ್ತು ತಿರುಗುವವು. ಓದು-ಬರಹಗಳ ಮೊನೆಯು ತಟ್ಟೆಯನ್ನು ಮುಟ್ಟದೆ ಗಾಳಿಯ ಪದರಿನ ಮೇಲೆ ತೇಲುತ್ತಿರುವದು. ನಡುವಿನ ಅಂತರವು ಕೆಲವೇ ನ್ಯಾನೋಮೀಟರು, ಅಂದರೆ ಕೂದಲೆಳೆಯ ದಪ್ಪವನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲೊಂದರಷ್ಟು. 1956ರಲ್ಲಿ ಐಬಿಎಂ ಸಂಸ್ಥೆಯವರು ಮಾಡಿದ ಮೊತ್ತಮೊದಲಿನ ಡಿಸ್ಕಿನಲ್ಲಿ 24 ಇಂಚಿನ 50 ತಟ್ಟೆಗಳಿದ್ದವು. ಅವೆಲ್ಲ ಕೂಡಿ ಹಿಡಿಯುತ್ತಿದ್ದುದು ಸುಮಾರು 5 ಮೆಗಾಬೈಟು, ಇಂದಿನ ಒಂದು ಭಾವಚಿತ್ರದಷ್ಟು. ತಟ್ಟೆಯ ಮೈಯನ್ನು 512 ಇಲ್ಲವೆ 4,096 ಬೈಟುಗಳ ಸಣ್ಣ ಖಾನೆಗಳಾಗಿ ಪಾಲು ಮಾಡಿರುತ್ತಾರೆ. ಇವುಗಳಿಗೆ ಸೆಕ್ಟರೆಂದು ಹೆಸರು. ಯಾವುದೊಂದು ಖಾನೆಯು ಕೆಟ್ಟರೂ ಡಿಸ್ಕು ಕೂಗಿ ಹೇಳುವದಿಲ್ಲ. ಕಾದಿಟ್ಟ ಹೆಚ್ಚಿನ ಖಾನೆಗಳಲ್ಲೊಂದನ್ನು ಅದರ ಬದಲಿಗೆ ಕೊಟ್ಟು, ಮಾನವಂತ ಮನೆತನದವರು ಬಡತನವನ್ನು ಮುಚ್ಚುವಂತೆ ಮುಚ್ಚಿಬಿಡುವದು. ಆದುದರಿಂದಲೇ ಹೊರಗಿನಿಂದ ನೋಡಿದವರಿಗೆ ಡಿಸ್ಕು ನಿನ್ನೆಯವರೆಗೂ ಚೆನ್ನಾಗಿತ್ತು, ಇಂದು ಒಮ್ಮಿಂದೊಮ್ಮೆ ಸತ್ತಿತು ಎಂದು ತೋರುವದು.

ಇನ್ನು ದೋಷದಲ್ಲಿ ಎರಡು ಜಾತಿ. ಹಗೇವಿನ ಲೆಕ್ಕದ ಕೀರ್ದಿ ತಪ್ಪಿರುವದೊಂದು. ಹಗೇವಿನ ಗೋಡೆಯೇ ಬಿರಿದಿರುವದೊಂದು. ವಿಂಡೋಸಿನ ಚೆಕ್‌ಡಿಸ್ಕ್ ಮುಖ್ಯವಾಗಿ ಕೀರ್ದಿಯನ್ನು ನೋಡುವದು: ಯಾವ ಕಡತವು ಯಾವ ಖಾನೆಗಳಲ್ಲಿದೆಯೆಂಬ ದಾಖಲೆ ಸರಿಯೇ ಎಂದು. ಬರಿಯ ಹೆಸರಿನಿಂದ ಕರೆದರೆ ಅದು ನೋಡಿ ವರದಿ ಮಾಡುವದಷ್ಟೇ. ‘ಎಫ್’ ಎಂಬಕ್ಷರವನ್ನು ಕೂಡಿಸಿದರೆ ತಿದ್ದುವದು; ‘ಆರ್’ ಕೂಡಿಸಿದರೆ ಕೆಟ್ಟ ಖಾನೆಗಳನ್ನು ಹುಡುಕಿ, ಓದಲು ಬಂದಷ್ಟನ್ನು ಎತ್ತಿ, ಮಿಕ್ಕುದನ್ನು ಕೈಬಿಟ್ಟು ಲೆಕ್ಕವನ್ನು ಹೊಂದಿಸಿಬಿಡುವದು. ಸ್ವಸ್ಥವಾದ ಡಿಸ್ಕಿಗೆ ಇದು ಔಷಧ; ಸಾಯುವ ಡಿಸ್ಕಿಗೆ ರಾತ್ರಿಯಿಡೀ ಬಿಸಿಲಲ್ಲದ ಬಿಸಿಲಿನಲ್ಲಿ ಓಡಿಸಿದಂತೆ.

ಗೋಡೆಯನ್ನೇ ನೋಡುವದಕ್ಕೆ ಲಿನಕ್ಸಿನಲ್ಲಿ ‘ಬ್ಯಾಡ್‌ಬ್ಲಾಕ್ಸ್’ ಎಂಬ ಉಪಕರಣವಿರುವದು. ರೆಮಿ ಕಾರ್ಡ್ ಎಂಬವರು ಬರೆದದ್ದು. ಕಡತವ್ಯವಸ್ಥೆಯ ಉಪಕರಣಗಳ ಒಂದು ಕಟ್ಟಿನೊಡನೆ ಬರುವದು. ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ಅದರ ಹೆಸರನ್ನೂ ಡಿಸ್ಕಿನ ಹೆಸರನ್ನೂ ಬೆರಳಚ್ಚಿನಿಂದ ಬರೆದು ಆಜ್ಞೆಯನ್ನು ಕೊಡಬೇಕು. ನಮ್ಮ ಸೋದರಳಿಯನು ಇದನ್ನು ತೋರಿಸುವಾಗ, ಹಳೆಯ ಪಂಡಿತರ ಮುಂದೆ ಅಷ್ಟಾಧ್ಯಾಯಿಯನ್ನು ಬಿಚ್ಚಿ ಕುಳಿತ ದಿನಗಳು ನಮಗೆ ನೆನಪಾದವು. ಪಾಣಿನಿಯು ಪ್ರತ್ಯಯಗಳಿಗೆ ‘ಇತ್’ ಎಂಬ ಗುರುತಿನಕ್ಷರಗಳನ್ನು ಅಂಟಿಸಿರುವನಷ್ಟೆ. ಅವು ಉಚ್ಚಾರದಲ್ಲಿ ಉಳಿಯುವದಿಲ್ಲ. ಆದರೆ ಫಲವನ್ನು ಪೂರಾ ಬದಲಿಸುವವು. ‘ಕೃ’ ಧಾತುವಿಗೆ ‘ತೃಚ್’ ಹತ್ತಿದರೆ ಗುಣವಾಗಿ ‘ಕರ್ತೃ’ ಎಂದಾಗುವದು. ‘ಕ್ತ’ ಹತ್ತಿದರೆ ಆ ಕಕಾರದ ದೆಸೆಯಿಂದ ಗುಣವು ನಿಂತು ‘ಕೃತ’ವೆಂದೇ ಉಳಿಯುವದು. ಇಲ್ಲಿಯೂ ಹಾಗೆಯೇ. ಬ್ಯಾಡ್‌ಬ್ಲಾಕ್ಸನ್ನು ಬರಿದೆ ಕರೆದರೆ ಡಿಸ್ಕನ್ನು ಓದಿ ಮಾತ್ರ ನೋಡುವದು. ಕಿರುಗೆರೆಯೆಳೆದು ‘ಎನ್’ ಎಂದರೆ, ಇದ್ದುದನ್ನು ಎತ್ತಿಟ್ಟುಕೊಂಡು, ಬರೆದು ನೋಡಿ, ತಿರುಗಿ ಇದ್ದಂತೆ ಇಡುವದು. ಅದೇ ಕಿರುಗೆರೆಯ ಮುಂದೆ ‘ಡಬ್ಲ್ಯೂ’ ಎಂದರೆ, ಡಿಸ್ಕಿನಲ್ಲಿದ್ದ ಸಮಸ್ತವನ್ನೂ ಅಳಿಸಿ ಪರೀಕ್ಷಿಸುವದು! ನಮ್ಮಲ್ಲಿ ಇತ್ ತಪ್ಪಿದರೆ ಗುರುಗಳ ಬೈಗಳಿಗೆ ಮುಗಿಯುತ್ತಿತ್ತು.

ಆದರೆ ಈ ‘ಡಬ್ಲ್ಯೂ’ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ಬರಿದಾದ ಹೊಸ ಡಿಸ್ಕಿಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಮತ್ತೊಂದಿಲ್ಲ. ಮೊದಲು ತಟ್ಟೆಯ ತುಂಬ ಒಂದು-ಸೊನ್ನೆ, ಒಂದು-ಸೊನ್ನೆ ಎಂದು ಬರೆದು, ಓದಿ ಒಪ್ಪವಿಟ್ಟು ನೋಡುವದು. ತರುವಾಯ ಸೊನ್ನೆ-ಒಂದು ಎಂದು ತಿರುವುಮುರುವಾಗಿ. ಆಮೇಲೆ ಎಲ್ಲ ಒಂದು. ಕಡೆಗೆ ಎಲ್ಲ ಸೊನ್ನೆ. ಹೀಗೆ ನಾಲ್ಕು ಸಾರೆ ಬರಹ, ನಾಲ್ಕು ಸಾರೆ ಓದು. ವೇದಪಾಠವನ್ನು ಬಲ್ಲ ವಾಚಕರಿಗೆ ಇದರ ಹುರುಳು ಕೂಡಲೆ ಹೊಳೆಯುವದು. ಘನಪಾಠದಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು ಎಂದು ಪದಗಳನ್ನು ಹಿಂದುಮುಂದಾಗಿ ಹೇಳಿಸುವದು ಚಮತ್ಕಾರಕ್ಕಲ್ಲವಷ್ಟೆ. ಒಂದು ದಿಕ್ಕಿನಲ್ಲಿ ಮರೆಸಿಕೊಂಡ ತಪ್ಪು ಇನ್ನೊಂದು ದಿಕ್ಕಿನಲ್ಲಿ ಸಿಕ್ಕಿಬೀಳಲೆಂದು. ಒಂದೇ ಬಗೆಯ ಬರಹವನ್ನು ಕೆಟ್ಟ ಖಾನೆಯೂ ಒಮ್ಮೊಮ್ಮೆ ಸರಿಯಾಗಿ ಒಪ್ಪಿಸಬಲ್ಲದು. ನಾಲ್ಕು ಬಗೆಯನ್ನು ಒಪ್ಪಿಸುವದು ಕಷ್ಟ.

ಇದಕ್ಕೆ ತಾಳ್ಮೆ ಬೇಕು. ಒಂದು ಟೆರಾಬೈಟಿನ ಡಿಸ್ಕನ್ನು ಒಮ್ಮೆ ಓದಲು ಎರಡು-ಮೂರು ತಾಸು ಹಿಡಿಯುವದು; ಎಂಟು ಸಾರೆಗೆ ಹೆಚ್ಚುಕಡಿಮೆ ಒಂದು ಹಗಲು-ರಾತ್ರಿಯೇ ಆಯಿತು. ನಡುವೆ ಕರೆಂಟು ಹೋದರೆ ಮೊದಲಿನಿಂದ ತೊಡಗಬೇಕು. ಆದ್ದರಿಂದ ನಮ್ಮ ಕಡೆಯವರು ಬ್ಯಾಟರಿಯ ಆಸರೆ ಇಟ್ಟುಕೊಂಡೇ ಕೂಡ್ರುವದು ಲೇಸು. ಆಜ್ಞೆಯನ್ನು ಕೊಡುವ ಮುಂಚೆ ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಇನ್ನೊಂದು ಆಜ್ಞೆಯಿಂದ ಯಾವ ಡಿಸ್ಕಿಗೆ ಯಾವ ಹೆಸರು, ಎಷ್ಟು ಗಾತ್ರ ಎಂಬುದನ್ನು ಎರಡು ಸಾರೆ ನೋಡಿಕೊಳ್ಳಬೇಕು. ಕಪ್ಪು ಪರದೆಯು ಕೇಳಿದ್ದನ್ನು ಮಾಡುವದು, “ನಿಜವಾಗಿಯೂ ಬೇಕೇ?” ಎಂದು ವಿನಯದಿಂದ ಕೇಳುವ ರೂಢಿ ಅದಕ್ಕೆ ಕಡಿಮೆ.

ಗೋಡೆಯನ್ನು ಮುಟ್ಟಿ ನೋಡುವದಲ್ಲದೆ, ಡಿಸ್ಕನ್ನೇ ಕೇಳುವ ಉಪಾಯವೊಂದಿದೆ. ಡಿಸ್ಕು ತನ್ನ ಕಷ್ಟಗಳನ್ನು ಲೋಕದಿಂದ ಮುಚ್ಚಿದರೂ ತನ್ನೊಳಗೆ ಒಂದು ದಿನಚರಿಯಲ್ಲಿ ಬರೆದಿಡುತ್ತಿರುವದು. ಇದಕ್ಕೆ ಸ್ಮಾರ್ಟ್ ಎಂದು ಹೆಸರು. ಆ ದಿನಚರಿಯನ್ನು ಓದಿಸುವ ಆಜ್ಞೆ ‘ಸ್ಮಾರ್ಟ್‌ಸಿಟಿಎಲ್’. ಇದರ ಹಿನ್ನೆಲೆಯು ಸ್ವಾರಸ್ಯವಾದದ್ದು. ಗುರುತ್ವದ ಅಲೆಗಳನ್ನು ಅಭ್ಯಾಸ ಮಾಡುವ ಬ್ರೂಸ್ ಅಲೆನ್ ಎಂಬ ಭೌತಶಾಸ್ತ್ರಜ್ಞರು ತಮ್ಮ ಗಣಕಸಮೂಹದ ಡಿಸ್ಕುಗಳನ್ನು ಕಾಯ್ದುಕೊಳ್ಳುವದಕ್ಕಾಗಿ 2002ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಇಂದು ವಿಂಡೋಸಿನಲ್ಲಿಯೂ ಅದು ದೊರೆಯುವದು; ಬೆಲೆಯಿಲ್ಲ. ಆಜ್ಞೆಯ ಮುಂದೆ ಕಿರುಗೆರೆ-ಎ ಎಂದು ಬರೆದರೆ ಉದ್ದವಾದ ಪಟ್ಟಿಯೊಂದು ಬೀಳುವದು. ಗೃಹಸ್ಥರು ಅದರಲ್ಲಿ ಮೂರು ಸಾಲುಗಳನ್ನು ನೋಡಿದರೆ ಸಾಕು: 5ನೆಯದು, ಬದಲಿ ಕೊಟ್ಟಾದ ಖಾನೆಗಳೆಷ್ಟು, 197ನೆಯದು, ಓದಲು ಬಾರದೆ ಬದಲಿಗೆ ಕಾದಿರುವವೆಷ್ಟು, 198ನೆಯದು, ತಿದ್ದಲಾರದವೆಷ್ಟು. ಸಾಲಿನ ಕಟ್ಟಕಡೆಯ ಅಂಕಿಯು ಸೊನ್ನೆಯಾಗಿದ್ದರೆ ನೆಮ್ಮದಿ. ಸೊನ್ನೆಯಲ್ಲದೆ, ತಿಂಗಳು ತಿಂಗಳು ಏರುತ್ತಿದ್ದರೆ ಹೊಸ ಡಿಸ್ಕಿಗೆ ಹಣ ಹೊಂದಿಸತೊಡಗಬೇಕು. 199ನೆಯ ಸಾಲು ಏರಿದರೆ ಮಾತ್ರ ಡಿಸ್ಕನ್ನು ಬಯ್ಯಬಾರದು. ಅದು ಬಹುತರ ತಂತಿಯ ದೋಷ, ಹೊಸ ತಂತಿಯಿಂದ ಹೋಗುವದು.

ಈ ದಿನಚರಿಯ ಮಾತನ್ನು ಎಷ್ಟು ನಂಬಬೇಕು? ಗೂಗಲ್ ಸಂಸ್ಥೆಯ ಎಂಜಿನಿಯರರು ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ನೋಡಿ 2007ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಮೈಯನ್ನು ಶೋಧಿಸುವಾಗ ಮೊದಲನೆಯ ದೋಷವನ್ನು ತೋರಿಸಿದ ಡಿಸ್ಕು, ದೋಷವಿಲ್ಲದ್ದಕ್ಕಿಂತ 60 ದಿನಗಳೊಳಗೆ ಕೆಡುವ ಸಂಭವವು 39 ಪಟ್ಟು ಹೆಚ್ಚೆಂದು ಅವರು ಕಂಡರು. ಅದರ ಸಂಗಡ ಇನ್ನೊಂದನ್ನೂ ಕಂಡರು: ಕೆಟ್ಟ ಡಿಸ್ಕುಗಳಲ್ಲಿ ನೂರಕ್ಕೆ 56ಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರಿಸದೆಯೇ ಕೆಟ್ಟಿದ್ದವು. ಅಂದ ಮೇಲೆ ನಾಡಿ ಕೆಟ್ಟಿತೆಂದು ವೈದ್ಯನು ಹೇಳಿದರೆ ನಂಬತಕ್ಕದ್ದು. ನಾಡಿ ಚೆನ್ನಾಗಿದೆಯೆಂದರೆ ಅದರ ಮೇಲೆ ಮಲಗಿಬಿಡತಕ್ಕದ್ದಲ್ಲ. ಎರಡನೆಯ ನಕಲು ಬೇಕೇ ಬೇಕು.

ಮಗ್ಗದ ಗೋಡೆಯ ಮಾತು ಬಂದಿತ್ತು. 2008ರಲ್ಲಿ ಬ್ರೆಂಡನ್ ಗ್ರೆಗ್ ಎಂಬವರು ಓಡುತ್ತಿರುವ ಡಿಸ್ಕುಗಳ ಮುಂದೆ ನಿಂತು ಗಟ್ಟಿಯಾಗಿ ಚೀರಿ, ಆ ಚೀರಾಟದಿಂದಲೇ ಡಿಸ್ಕುಗಳು ತಡವರಿಸುವದನ್ನು ನಕ್ಷೆಯಲ್ಲಿ ತೋರಿಸಿದರು. ಮನುಷ್ಯನ ಕೂಗಿಗೆ ತಡವರಿಸುವ ಮೊನೆಯು ಹಗಲೆಲ್ಲ ಲಾಳಿಯ ಹೊಡೆತಕ್ಕೆ ಏನಾಗುವದೋ! ನಮ್ಮ ಡಿಸ್ಕು ಅದರಿಂದಲೇ ಕೆಟ್ಟಿತೆಂದು ನಾವು ಸಾಧಿಸಲಾರೆವು. ಆದರೆ ಮೇಜನ್ನು ಒಳಕೋಣೆಗೆ ಸರಿಸಿದ್ದೇವೆ. ಮಗ್ಗವನ್ನು ಸರಿಸಿರೆಂದು ರಬಕವಿಯಲ್ಲಿ ಹೇಳುವ ಧೈರ್ಯ ಯಾರಿಗಿದೆ?

ಪೆನ್‌ಡ್ರೈವುಗಳ ಬಗ್ಗೆ ಒಂದು ಮಾತು. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕುವ ಕೆಲವಕ್ಕೆ ಹೊರಗೆ ಬರೆದ ಗಾತ್ರವು ಒಳಗೆ ಇರುವದೇ ಇಲ್ಲ. ತುಂಬಿದಷ್ಟನ್ನೂ ನುಂಗಿದಂತೆ ನಟಿಸುವವು, ತಿರುಗಿ ಕೊಡುವವಲ್ಲ. ಮಿಶೆಲ್ ಮಶಾಡೊ ಎಂಬವರು ಮಾಡಿದ ‘ಎಫ್‌3’ ಎಂಬ ಉಪಕರಣವು ಅದನ್ನು ಕಂಠದವರೆಗೆ ತುಂಬಿ, ತಿರುಗಿ ಓದಿ, ಮೋಸವನ್ನು ಹೊರಗೆಡಹುವದು. ಮಕ್ಕಳ ಭಾವಚಿತ್ರವನ್ನು ತುಂಬುವ ಮುಂಚೆ ಇಷ್ಟನ್ನು ಮಾಡಿದರೆ ಬಹಳ ಕಣ್ಣೀರು ಉಳಿದೀತು.

ಇನ್ನು ನಮ್ಮ ತಾಯಿಯವರ ಹಾಡಿಗೆ ಬರುವೆವು. ಸೋದರಳಿಯನು ಬ್ಯಾಡ್‌ಬ್ಲಾಕ್ಸನ್ನಾಗಲಿ ಚೆಕ್‌ಡಿಸ್ಕನ್ನಾಗಲಿ ಅದರ ಹತ್ತಿರಕ್ಕೆ ಬಿಡಲಿಲ್ಲ. ‘ಡಿಡಿರೆಸ್ಕ್ಯೂ’ ಎಂಬ ಆಜ್ಞೆಯಿಂದ ಹೊಸದೊಂದು ಡಿಸ್ಕಿಗೆ ಅದನ್ನು ಇದ್ದಕ್ಕಿದ್ದಂತೆ ಇಳಿಸತೊಡಗಿದನು. ಇಲ್ಲಿ ಕೊಡುವ ಡಿಸ್ಕಿನ ಹೆಸರು ಮೊದಲು, ಕೊಳ್ಳುವದರ ಹೆಸರು ತರುವಾಯ. ಅದಲುಬದಲಾದರೆ ಬರಿದಾದದ್ದು ತುಂಬಿದ್ದನ್ನು ನುಂಗುವದು. ಈ ಉಪಕರಣದ ನಡೆಯು ಹಳೆಯ ಲಿಪಿಕಾರರ ನಡೆಯಂತೆಯೇ ಇರುವದು. ಹುಳು ತಿಂದ ಓಲೆಯನ್ನು ನಕಲು ಮಾಡುವವನು ಅಸ್ಪಷ್ಟವಾದೆಡೆಯಲ್ಲಿ ತಿಣುಕುತ್ತ ಕೂಡ್ರುವದಿಲ್ಲ; ತೆರವು ಬಿಟ್ಟು ಮುಂದೆ ಹೋಗಿ, ಓಲೆ ಮುರಿಯುವ ಮುಂಚೆ ಸ್ಪಷ್ಟವಾದುದನ್ನೆಲ್ಲ ಇಳಿಸಿಕೊಂಡು, ಆಮೇಲೆ ತೆರವುಗಳಿಗೆ ತಿರುಗುತ್ತಾನೆ. ಡಿಡಿರೆಸ್ಕ್ಯೂ ಕೂಡ ಬಿಟ್ಟ ಜಾಗಗಳ ಲೆಕ್ಕವನ್ನು ಬೇರೆ ಕಡತದಲ್ಲಿ ಬರೆದಿಟ್ಟುಕೊಳ್ಳುವದು. ನಡುವೆ ನಿಲ್ಲಿಸಿ ಡಿಸ್ಕನ್ನು ತಣಿಸಿದರೂ ಬಿಟ್ಟಲ್ಲಿಂದಲೇ ತೊಡಗುವದು. ಮೊದಲನೆಯ ದಿನವೇ ಬಹುಪಾಲು ಬಂದಿತು. ಉಳಿದ ಚೂರುಗಳಿಗೆ ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಹಳೆಯ ಡಿಸ್ಕು ಪೂರಾ ನಿಂತುಹೋಯಿತು.

ಹನ್ನೊಂದು ತಾಸಿನಲ್ಲಿ ಹತ್ತು ತಾಸಿನಷ್ಟು ಹಾಡು ನಮ್ಮ ಕೈಗೆ ತಿರುಗಿ ಬಂದಿದೆ. ಅಂಕಿಯ ಹೆಸರು ಹೊತ್ತ ತುಂಡುಗಳನ್ನು ನಾವೂ ಅಕ್ಕನವರೂ ಸಂಜೆಗಳಲ್ಲಿ ಕೂತು ಕೇಳಿ ಕೇಳಿ ಯಾವುದು ಯಾವ ಪದವೆಂದು ಗುರುತು ಹಿಡಿದೆವು. ಈಗ ಅವು ಎರಡು ಡಿಸ್ಕುಗಳಲ್ಲಿವೆ, ಒಂದು ನಮ್ಮಲ್ಲಿ, ಒಂದು ಅಕ್ಕನವರ ಮನೆಯಲ್ಲಿ. ತೊಟ್ಟಿಲ ಪದವೊಂದರ ನಡುವೆ ಒಂಬತ್ತು ಸೆಕೆಂದು ದನಿಯೇ ಇಲ್ಲ. ಅಲ್ಲಿ ಬಂದಾಗ ಅಕ್ಕನವರು ಆ ಸಾಲನ್ನು ತಾವೇ ಹಾಡುತ್ತಾರೆ, ಆಮೇಲೆ ತಾಯಿಯವರು ಮುಂದಿನದನ್ನು ಎತ್ತಿಕೊಳ್ಳುತ್ತಾರೆ.