ಜೋಡಿ, ಹಿಂಡು, ಮುಡಿ

ಇಂಗ್ಲಿಷ್ ಕ್ರಾಸ್‌ವರ್ಡಿನಲ್ಲಿ ಇಪ್ಪತ್ತಕ್ಕೆ 'ಸ್ಕೋರ್', 144ಕ್ಕೆ 'ಗ್ರೋಸ್' ಎಂದು ತಟ್ಟನೆ ತುಂಬಿಸುವ ನೀವು, ಕನ್ನಡ ಪದಬಂಧದಲ್ಲಿ 'ಗುಂಪು (2)' ಎಂದು ಕಂಡೊಡನೆ ಪೆನ್ಸಿಲು ಕಚ್ಚುತ್ತಾ ಕೂರುತ್ತೀರಲ್ಲ, ಯಾಕೆ? ಈ ಸಲ ಅದರ ಕೀಲಿಕೈ ಹುಡುಕೋಣ ಬನ್ನಿ.

ಮೊದಲನೆಯದು, ನಮ್ಮಲ್ಲಿ ಒಂದು ಮನೆಗೆ ಒಂದು ಅಕ್ಷರ. ಒತ್ತು, ಸೊನ್ನೆ ಎಲ್ಲ ಅದರೊಳಗೇ. 'ಜೋಡಿಯೂ ಹೌದು, ಹೊಯ್ದಾಟವೂ ಹೌದು (2)' ಎಂದರೆ ದ್ವಂದ್ವ. ಬರೆಯಲು ಎಷ್ಟು ದೊಡ್ಡದಾದರೂ ಎರಡೇ ಮನೆ. ಬರಿಯ ಜೋಡಿಗೆ ಎರಡು ಮನೆಯಿದ್ದರೆ ಜೊತೆ ಅಥವಾ ದ್ವಯ, ಮೂರಿದ್ದರೆ ಯುಗಳ ಅಥವಾ ಅವಳಿ. ಇಷ್ಟು ಬಾಯಿಪಾಠ ಮಾಡಿದರೆ ಸಾಕು.

ಗುಂಪಿನ ಸುಳಿವು ಬಂದರೆ 'ಯಾವುದರ ಗುಂಪು?' ಎಂದು ಕೇಳಿಕೊಳ್ಳಿ. ದನಕ್ಕೆ ಮಂದೆ, ಆನೆಗೆ ಹಿಂಡು, ಸೌದೆಗೆ ಹೊರೆ, ದ್ರಾಕ್ಷಿಗೆ ಗೊಂಚಲು. ಬಾಳೆಯದು ಇಡಿಯಾಗಿದ್ದರೆ ಗೊನೆ, ಬಿಡಿಸಿದರೆ ಚಿಪ್ಪು. ಆಮೆಯ ಬೆನ್ನ ಮೇಲಿರುವುದೂ ಚಿಪ್ಪೇ ಆದ್ದರಿಂದ ಪದಬಂಧ ಮಾಡುವವರಿಗೆ ಅದರ ಮೇಲೆ ಬಹಳ ಪ್ರೀತಿ!

ಕಷ್ಟವಿರುವುದು ಅಳತೆಯಲ್ಲಿ. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು, ನಲವತ್ತು ಗುಂಟೆಗೆ ಒಂದು ಎಕರೆ. ಮೊಳ ಇನ್ನೂ ಬದುಕಿದೆ, ಹೂವಾಡಗಿತ್ತಿಯ ಮೊಳಕೈ ದಯೆಯಿಂದ. (ಗಿಡ್ಡ ಕೈಯವಳ ಹತ್ತಿರ ನಾನು ಕೊಳ್ಳುವುದಿಲ್ಲ.) ಉಳಿದ ಹಲವು ಹಳೆಯ ಅಳತೆಗಳು 1956ರ ತೂಕ-ಅಳತೆ ಕಾಯಿದೆಯ ನಂತರ ಕಿಲೋ, ಲೀಟರಿಗೆ ಜಾಗ ಬಿಟ್ಟುಕೊಟ್ಟವು. ನಿಮಗೆ ಗೊತ್ತಿಲ್ಲದ್ದು ನಿಮ್ಮ ತಪ್ಪಲ್ಲ.

ನನಗೂ ಗೊತ್ತಿರಲಿಲ್ಲವೆನ್ನಿ. 'ಅಕ್ಕಿಗೂ ಉಂಟು, ಹೆಣ್ಣಿನ ತಲೆಗೂ ಉಂಟು (2)' ಎಂಬ ಸುಳಿವಿಗೆ ಎರಡು ದಿನ ಒದ್ದಾಡಿ, ಕೊನೆಗೆ ಊರಿಗೆ, ದೊಡ್ಡಮ್ಮನಿಗೆ ಫೋನ್ ಮಾಡಿದೆ. "ಎಂತ ಮಾರಾಯ್ತಿ, ಮುಡಿ ಮರೆತುಹೋಯ್ತಾ ನಿಂಗೆ?" ಎಂದರು. ನಮ್ಮ ಕರಾವಳಿಯಲ್ಲಿ 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಅಕ್ಕಿಯನ್ನು ಬೈಹುಲ್ಲಿನಲ್ಲಿ ತುಂಬಿ, ಹುಲ್ಲಿನ ಹಗ್ಗ ಬಿಗಿದು, ಉರುಟಾಗಿ ಕಟ್ಟಿಡುತ್ತಿದ್ದರು. ಮುಡಿ ಕಟ್ಟಲು ಬರುತ್ತಿದ್ದವರು ಯಾರು, ಮಳೆಗಾಲಕ್ಕೆ ಎಷ್ಟು ಮುಡಿ ಬೇಕಾಗುತ್ತಿತ್ತು, ಯಾವ ವರ್ಷ ಸಾಲದೆ ನೆರೆಮನೆಯಿಂದ ತಂದರು, ಎಲ್ಲ ಹೇಳಿದರು. ಎರಡಕ್ಷರ ಕೇಳಲು ಹೋದವಳು ಫೋನ್ ಇಟ್ಟಾಗ ಒಲೆಯ ಮೇಲಿನ ಬೇಳೆ ತಳ ಹಿಡಿದಿತ್ತು. ಈಗ ಪ್ರತಿ ಭಾನುವಾರ ಅವರೇ ಫೋನ್ ಮಾಡುತ್ತಾರೆ: "ಈ ವಾರ ಎಂತ ಉಳಿದಿದೆ?"

ನಿಮ್ಮ ಮನೆಯಲ್ಲೂ ಅಜ್ಜಿಯೋ ದೊಡ್ಡಪ್ಪನೋ ಇದ್ದಾರಲ್ಲ, ಅವರಿಗಾಗಿ ಒಂದು ಸುಳಿವು ಕೊಡುತ್ತೇನೆ: 'ನಾಲ್ಕು ಚೆಂಡು ಸೇರಿದರೂ ಆಡಲಾಗದು, ಮುಡಿಯಬಹುದು (2)'. ಶಂಕರಪುರದ ಮಲ್ಲಿಗೆ ಕಟ್ಟುವವರಿಗೆ ಗೊತ್ತು. ಉತ್ತರ ಮುಂದಿನ ಸಂಚಿಕೆಯಲ್ಲಿ.