ಹಳೆಯ ಕಡತ ಮುಚ್ಚಿದ ಮೇಲೆ

2023ರ ನವೆಂಬರ್‌ನಲ್ಲಿ, ಹನ್ನೊಂದು ವರ್ಷಗಳಿಂದ ನಡೆಸಿಕೊಂಡು ಬಂದಿದ್ದ ಮೊಕದ್ದಮೆಯೊಂದನ್ನು ನಾನು ಹಿಂತೆಗೆದುಕೊಂಡೆ. ಸರ್ಕಾರಿ ಸೇವೆಯಲ್ಲಿದ್ದವರಿಗೆ ಅದರ ಸ್ವರೂಪವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜ್ಯೇಷ್ಠತಾ ಪಟ್ಟಿಯಲ್ಲಿ ನನಗಿಂತ ಕಿರಿಯರೊಬ್ಬರ ಹೆಸರು ಮೇಲಕ್ಕೆ ಹೋಯಿತು. ನನಗೆ ಸಲ್ಲಬೇಕಿದ್ದ ಬಡ್ತಿ ಆರು ವರ್ಷ ತಡವಾಗಿ ಬಂತು. ಮನವಿಗಳಿಗೆ ಉತ್ತರ ಬಾರದಿದ್ದಾಗ ನ್ಯಾಯಮಂಡಳಿಯ ಮೊರೆಹೋದೆ. 2017ರಲ್ಲಿ ನಾನು ನಿವೃತ್ತನಾದೆ. ಅರ್ಜಿ ಮಾತ್ರ ಸೇವೆಯಲ್ಲಿಯೇ ಮುಂದುವರಿಯಿತು.

ಖಾಸಗಿಯಾದ ಈ ಸಂಗತಿಯನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವಿದೆ. ನಿವೃತ್ತಿಯ ನಂತರ ಸರಳವಾಗಿ ಬದುಕಬೇಕೆಂಬ ಉಪದೇಶಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಆ ಸರಳತೆಗೆ ಅಡ್ಡಬರುವುದು ಏನು ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ವಿರಳ. ನನ್ನ ವಿಷಯದಲ್ಲಿ ಅಡ್ಡಬಂದದ್ದು ಹಣದ ಅಭಾವಕ್ಕಿಂತ ಹೆಚ್ಚಾಗಿ ಆ ಕಡತ.

ತಮ್ಮನ ವ್ಯಾಪಾರದ ಸಾಲಕ್ಕೆ ನಾನು ಜಾಮೀನು ನಿಂತಿದ್ದೆ. ವ್ಯಾಪಾರ ನೆಲಕಚ್ಚಿತು. ನಿವೃತ್ತಿ ಉಪದಾನದ ಹಣ ಅದಕ್ಕೆ ಹೋಯಿತು, ಬೆಂಗಳೂರಿನಲ್ಲಿ ಕಟ್ಟಿಸಿದ್ದ ಮನೆಯೂ ಹೋಯಿತು. ಉಳಿದ ಸಾಲದ ಕಂತು ಇಂದಿಗೂ ಪಿಂಚಣಿಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ನುಂಗುತ್ತದೆ. 2019ರಲ್ಲಿ ನಾನೂ ಪತ್ನಿಯೂ ದಾವಣಗೆರೆಗೆ ಬಂದು ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ನೆಲೆಸಿದೆವು. ಕಂತು ಕಳೆದು ಕೈಯಲ್ಲಿ ಉಳಿಯುವುದು ತಿಂಗಳಿಗೆ ಸುಮಾರು ₹19,000. ಹೀಗಿರುವಾಗ ಮೊಕದ್ದಮೆ ನನಗೆ ಕೇವಲ ನ್ಯಾಯದ ಪ್ರಶ್ನೆಯಾಗಿ ಉಳಿಯಲಿಲ್ಲ. ಗೆದ್ದರೆ ಕಾಲ್ಪನಿಕ ಬಡ್ತಿ, ಬಡ್ತಿಯಿಂದ ಪರಿಷ್ಕೃತ ಪಿಂಚಣಿ, ಅದರ ಹಿಂಬಾಕಿ, ಆ ಹಿಂಬಾಕಿಯಿಂದ ಸಾಲದ ತೀರುವಳಿ ಎಂದು ಮನಸ್ಸು ಪ್ರತಿ ರಾತ್ರಿ ಲೆಕ್ಕ ಹಾಕುತ್ತಿತ್ತು. ಬಾರದ ಹಣದ ಮೇಲೆ ಸಂಸಾರ ನಡೆಸುವುದೆಂದರೆ ಇದೇ ಇರಬೇಕು.

1970ರ ದಶಕದ ಕೊನೆಯಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ನಮಗೆ ಜೇಮ್ಸ್ ಡ್ಯೂಸೆನ್‌ಬೆರಿಯವರ ಸಿದ್ಧಾಂತವಿತ್ತು. 1949ರಲ್ಲಿ ಅಮೆರಿಕದ ಈ ಅರ್ಥಶಾಸ್ತ್ರಜ್ಞರು ಪ್ರತಿಪಾದಿಸಿದ್ದು ಸ್ಥೂಲವಾಗಿ ಇಷ್ಟು: ಕುಟುಂಬವೊಂದರ ಖರ್ಚು ಅದರ ಈಗಿನ ಆದಾಯವನ್ನು ಮಾತ್ರ ಅವಲಂಬಿಸಿಲ್ಲ, ಅದು ಹಿಂದೆ ಏರಿದ್ದ ಅತಿ ಎತ್ತರದ ಆದಾಯವನ್ನೂ, ಸುತ್ತಲಿನವರ ಖರ್ಚನ್ನೂ ಅವಲಂಬಿಸಿದೆ. ಆದಾಯ ಏರಿದಾಗ ಖರ್ಚು ಸಲೀಸಾಗಿ ಏರುತ್ತದೆ. ಆದಾಯ ಕುಸಿದಾಗ ಅಷ್ಟೇ ಸಲೀಸಾಗಿ ಇಳಿಯುವುದಿಲ್ಲ. ಒಂದೇ ದಿಕ್ಕಿಗೆ ತಿರುಗುವ ಹಲ್ಲುಚಕ್ರಕ್ಕೆ ಇದನ್ನು ಹೋಲಿಸಲಾಗಿದೆ. ಪರೀಕ್ಷೆಯಲ್ಲಿ ಇದಕ್ಕೆ ಉತ್ತರ ಬರೆದು ಒಳ್ಳೆಯ ಅಂಕವನ್ನೇ ಪಡೆದಿದ್ದೆ. ನಾಲ್ಕು ದಶಕಗಳ ನಂತರ, ಬಾಡಿಗೆ ಮನೆಯ ಬಾಗಿಲಿಗೆ ಹಳೆಯ ಹುದ್ದೆಯ ನಾಮಫಲಕವನ್ನು ತೂಗುಹಾಕುವಾಗ ಆ ಪುಟ ನೆನಪಿಗೆ ಬರಲಿಲ್ಲ.

ನಾಮಫಲಕಕ್ಕೂ ವೆಚ್ಚವಿದೆ. ಹಿಂದಿನ ಸಹೋದ್ಯೋಗಿಗಳ ಮಕ್ಕಳ ಮದುವೆಗೆ ಹೋದರೆ ಹುದ್ದೆಗೆ ತಕ್ಕ ಉಡುಗೊರೆ ಕೊಡಬೇಕು. ಬಸ್ಸಿನಲ್ಲಿ ಹೋಗಬಹುದಾದ ಕಡೆಗೆ ಕಾರು ಬಾಡಿಗೆಗೆ ಪಡೆಯಬೇಕು. ಊರಿನ ಸಂಘಸಂಸ್ಥೆಗಳು ವೇದಿಕೆಗೆ ಕರೆಯುತ್ತವೆ, ನಂತರ ದೇಣಿಗೆಯ ರಸೀದಿ ಪುಸ್ತಕ ಹಿಡಿದು ಬರುತ್ತವೆ. ಒಂದು ಬೇಸಿಗೆಯಲ್ಲಿ ಪತ್ನಿ ಆರು ತಿಂಗಳ ಖರ್ಚನ್ನು ಬರೆದಿಟ್ಟು ನನ್ನ ಮುಂದೆ ಹಿಡಿದಳು. ನಮ್ಮಿಬ್ಬರ ಊಟ, ಔಷಧ, ಬಾಡಿಗೆ ಒಂದು ಕಡೆ; ನಾನು ಹಿಂದೆ ಯಾರಾಗಿದ್ದೆ ಎಂಬುದನ್ನು ನೆನಪಿಸಲು ಆದ ಖರ್ಚು ಇನ್ನೊಂದು ಕಡೆ. ಎರಡನೆಯದು ತಿಂಗಳಿಗೆ ಸರಾಸರಿ ನಾಲ್ಕು ಸಾವಿರವನ್ನು ಮೀರಿತ್ತು. ಬಜೆಟ್ ಪರಿಶೀಲನಾ ಸಭೆಗಳಲ್ಲಿ ಕೆಳಗಿನ ಅಧಿಕಾರಿಗಳನ್ನು ನಾನು ಇಂತಹ ಲೆಕ್ಕಗಳಿಂದಲೇ ತಬ್ಬಿಬ್ಬುಗೊಳಿಸುತ್ತಿದ್ದೆ.

ಅನಂತರ ಮೊಕದ್ದಮೆಯ ಲೆಕ್ಕ ನೋಡಿದೆ. ಪ್ರತಿ ವಿಚಾರಣೆಗೂ ಬೆಂಗಳೂರಿಗೆ ಹೋಗಬೇಕು. ಹಿರಿಯ ನಾಗರಿಕರಿಗಿದ್ದ ರೈಲು ಪ್ರಯಾಣದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬಂದಿಲ್ಲ. ವಕೀಲರ ಶುಲ್ಕ, ವಸತಿ, ಊಟ, ಎಲ್ಲ ಮುಗಿದ ಮೇಲೆ ಸಿಗುತ್ತಿದ್ದುದು ಬಹುತೇಕ ಮುಂದಿನ ದಿನಾಂಕ. ಗೆದ್ದರೆ ಪಿಂಚಣಿ ಹೆಚ್ಚುತ್ತಿದ್ದುದು ತಿಂಗಳಿಗೆ ಸುಮಾರು ₹4,000. ಇಷ್ಟು ವರ್ಷ ಸುರಿದ ಹಣ ವ್ಯರ್ಥವಾಗಬಾರದೆಂಬ ಒಂದೇ ಕಾರಣಕ್ಕೆ ಇನ್ನಷ್ಟು ಸುರಿಯುತ್ತಿದ್ದೆ. ಮರಳಿ ಬಾರದ ಹಿಂದಿನ ವೆಚ್ಚವನ್ನು ಮುಂದಿನ ತೀರ್ಮಾನದಲ್ಲಿ ಪರಿಗಣಿಸಬಾರದು ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಸರ್ಕಾರದ ಅಪೂರ್ಣ ಕಾಮಗಾರಿಗಳ ವಿಷಯದಲ್ಲಿ ಅದನ್ನು ಟಿಪ್ಪಣಿಯಲ್ಲಿ ಬರೆದಿದ್ದೇನೆ. ಸ್ವಂತ ಕಡತದ ಮೇಲೆ ಬರೆಯುವ ಧೈರ್ಯ ಇರಲಿಲ್ಲ.

ಈಗಿನ ಬದುಕಿನ ವಿವರ ಇಷ್ಟೆ. ಬಾಡಿಗೆಗೆ ₹6,500, ದಿನಸಿ, ಹಾಲು, ತರಕಾರಿಗೆ ಏಳು ಸಾವಿರ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಜನೌಷಧಿ ಕೇಂದ್ರದಲ್ಲಿ ಕೊಳ್ಳಲಾರಂಭಿಸಿದ ಮೇಲೆ ಔಷಧದ ಖರ್ಚು ಅರ್ಧಕ್ಕಿಂತ ಕೆಳಗಿಳಿದು ₹1,400ಕ್ಕೆ ನಿಂತಿದೆ. ಅಡುಗೆ ಅನಿಲ, ದೂರವಾಣಿ, ಪತ್ರಿಕೆ ಇತ್ಯಾದಿಗೆ ₹1,800. ಎರಡು ಸಾವಿರದಷ್ಟು ಉಳಿಯುತ್ತದೆ. ಪುಸ್ತಕಗಳಿಗೆ ಸಾರ್ವಜನಿಕ ಗ್ರಂಥಾಲಯವಿದೆ. ಮಂಡಕ್ಕಿ ಮೆಣಸಿನಕಾಯಿಗೆ ಪ್ರತ್ಯೇಕ ಶೀರ್ಷಿಕೆ ತೆರೆದಿಲ್ಲ. ಅದು ‘ಇತ್ಯಾದಿ’ಯಲ್ಲಿ ಅಡಗಿದೆ.

ಇಷ್ಟಕ್ಕೇ ಬರಹ ಮುಗಿಸಿದ್ದರೆ ಇದೂ ಇನ್ನೊಂದು ಉಪದೇಶವಾಗುತ್ತಿತ್ತು. ಮುಗಿಸದಂತೆ ಮಾಡಿದವರು ನಮ್ಮ ಪಕ್ಕದ ಮನೆಯ ಹಿರಿಯರು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಈ ಊರಿನಲ್ಲಿ ಅವರು ಗಿರಣಿ ಕಾರ್ಮಿಕರಾಗಿದ್ದರು. ಗಿರಣಿ ಮುಚ್ಚಿತು. ವಯಸ್ಸು ನನಗಿಂತ ನಾಲ್ಕೈದು ವರ್ಷ ಹೆಚ್ಚು. ನಾನು ಬೆಂಗಳೂರಿನಿಂದ ಬಂದಾಗಲೆಲ್ಲ ಅವರು ಕಟ್ಟೆಯ ಮೇಲಿಂದ ಕೇಳುತ್ತಿದ್ದರು: ‘ಏನಾತ್ರಿ ಸಾಹೇಬ್ರ? ಮತ್ತ ಮುಂದಕ್ಕ ಹೋತೇನು?’ ಒಮ್ಮೆ ನಾನು, ಗಿರಣಿಯಿಂದ ನಿಮಗೆ ಬರಬೇಕಾದ ಬಾಕಿ ಏನೂ ಇಲ್ಲವೇ ಎಂದು ವಿಚಾರಿಸಿದೆ. ಅವರೆಂದರು: ‘ಐತಿ. ಗಿರಣಿ ಇದ್ದ ಜಾಗದಾಗ ಈಗ ಸೈಟ್ ಆಗ್ಯಾವು. ಯಾರ ಮ್ಯಾಲೆ ಕೇಸ್ ಹಾಕ್ಲಿ ಹೇಳ್ರಿ?’

ಅವರಿಗೆ ಬರುವುದು ನೌಕರರ ಪಿಂಚಣಿ ಯೋಜನೆಯ ಕನಿಷ್ಠ ಮೊತ್ತ, ತಿಂಗಳಿಗೆ ₹1,000. ಈ ಕನಿಷ್ಠ ಮಿತಿಯನ್ನು ನಿಗದಿಪಡಿಸಿದ್ದು 2014ರ ಸೆಪ್ಟೆಂಬರ್‌ನಲ್ಲಿ. ಅದನ್ನು ₹7,500ಕ್ಕೆ ಏರಿಸಬೇಕೆಂದು ಪಿಂಚಣಿದಾರರು ವರ್ಷಗಳಿಂದ ಚಳವಳಿ ನಡೆಸಿದ್ದಾರೆ. ನನ್ನ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತದೆ, ಅವರದಕ್ಕೆ ಇಲ್ಲ. ಅವರ ಪತ್ನಿಗೆ ಗೃಹಲಕ್ಷ್ಮಿ ಯೋಜನೆಯ ₹2,000 ಇದೆ. ಅಂದರೆ ಆ ಮನೆಗೆ ಒಂದು ಜೀವಮಾನದ ದುಡಿಮೆ ತಂದುಕೊಡುವುದಕ್ಕಿಂತ ಇಮ್ಮಡಿ ಹಣವನ್ನು 2023ರಲ್ಲಿ ಆರಂಭವಾದ ಒಂದು ಯೋಜನೆ ತಂದುಕೊಡುತ್ತಿದೆ. ‘ಗ್ಯಾರಂಟಿ’ಗಳನ್ನು ಹಂಗಿಸುವ ನಮ್ಮ ವಾಯುವಿಹಾರದ ಗೆಳೆಯರು ಈ ಅಂಕಿಗಳನ್ನು ಗಮನಿಸಬೇಕು.

ಹಾಗೆ ನೋಡಿದರೆ ಅಸಂಘಟಿತ ವಲಯದ ವೃದ್ಧರ ಸ್ಥಿತಿಯೂ ಭಿನ್ನವಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ₹400ರಿಂದ ಆರಂಭವಾಗಿ ₹1,200ಕ್ಕೆ ಏರಿದೆ. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ, 80 ವರ್ಷದೊಳಗಿನವರಿಗೆ ಕೇಂದ್ರ ನೀಡುವ ಪಾಲು 2007ರಲ್ಲಿದ್ದ ₹200ರಲ್ಲಿಯೇ ನಿಂತಿದೆ. ಇನ್ನು ನನ್ನದೇ ಸೇವೆಗೆ 2006ರ ಏಪ್ರಿಲ್ ನಂತರ ಸೇರಿದವರು ನಿಶ್ಚಿತ ಪಿಂಚಣಿಯ ವ್ಯವಸ್ಥೆಯಿಂದ ಹೊರಗುಳಿದರು. ನಾನು ಹಣದ ಚಿಂತೆಯನ್ನು ಬಿಡಲು ಸಾಧ್ಯವಾದದ್ದು ತಿಂಗಳ ಕೊನೆಗೆ ಇಂತಿಷ್ಟು ಬಂದೇ ಬರುತ್ತದೆ ಎಂಬ ಖಾತರಿ ಇದ್ದುದರಿಂದ. ಆ ಖಾತರಿಯಿಲ್ಲದವರಿಗೆ ಸರಳತೆಯ ಹಿರಿಮೆಯನ್ನು ಬೋಧಿಸುವುದು ಅನುಚಿತ. ಬಡತನಕ್ಕೆ ಸರಳತೆ ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು ಆಡಳಿತಕ್ಕೆ ಸುಲಭ. ನಾನೂ ಆಡಳಿತದ ಭಾಗವಾಗಿದ್ದವನು. ಇದನ್ನು ಹೊರಗಿನವನಂತೆ ಹೇಳುತ್ತಿಲ್ಲ.

ಅರ್ಜಿ ಹಿಂತೆಗೆದುಕೊಂಡದ್ದಕ್ಕೆ ಕೆಲವು ಮಾಜಿ ಸಹೋದ್ಯೋಗಿಗಳು ಮುನಿಸಿಕೊಂಡರು. ಅನ್ಯಾಯಕ್ಕೆ ಮಣಿದಂತಾಗಲಿಲ್ಲವೇ ಎಂಬುದು ಅವರ ಆಕ್ಷೇಪ. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಎಲ್ಲರೂ ಹೀಗೆ ಬಿಟ್ಟುಕೊಡುತ್ತ ಹೋದರೆ ತಪ್ಪು ಜ್ಯೇಷ್ಠತಾ ಪಟ್ಟಿಗಳನ್ನು ತಯಾರಿಸುವವರಿಗೆ ಭಯವೇ ಇರುವುದಿಲ್ಲ. ಆದರೆ ನನ್ನ ಗೆಲುವಿನಿಂದ ನಾನೊಬ್ಬನ ಹೊರತು ಇನ್ನಾರಿಗೂ ಪ್ರಯೋಜನವಿರಲಿಲ್ಲ. ಮೇಲಾಗಿ, ಬಡ್ತಿ ಪಡೆದ ಆ ಕಿರಿಯರು 2021ರಲ್ಲಿ ತೀರಿಕೊಂಡರು. ಸತ್ತವರ ವಿರುದ್ಧ ದಾಖಲೆಗಳನ್ನು ಜೋಡಿಸುತ್ತ ಕೂತಿದ್ದೇನೆ ಎಂಬ ಅರಿವು ಎರಡು ವರ್ಷ ನನ್ನನ್ನು ಕಾಡಿತು. ತಮ್ಮನ ವಿಷಯ ಇಷ್ಟು ಸುಲಭವಲ್ಲ. ಹಬ್ಬಕ್ಕೆ ಆತ ದೂರವಾಣಿ ಕರೆ ಮಾಡುತ್ತಾನೆ, ಮಾತನಾಡುತ್ತೇವೆ. ಕಂತು ಕಡಿತವಾಗುವ ಐದನೆಯ ತಾರೀಖಿನಂದು ಮಾತ್ರ ಅವನ ಕರೆ ಬಾರದಿರಲಿ ಎಂದುಕೊಳ್ಳುತ್ತೇನೆ.

ಕಡತವನ್ನು ರದ್ದಿಗೆ ಹಾಕಿದೆ, ನಾಮಫಲಕವನ್ನು ತೆಗೆದೆ. ಸೇವೆಯಲ್ಲಿದ್ದಾಗ ಪತ್ರಾಂಕಿತ ಅಧಿಕಾರಿಯಾಗಿ ಎಷ್ಟೋ ಪಿಂಚಣಿದಾರರ ಜೀವಿತ ಪ್ರಮಾಣಪತ್ರಗಳಿಗೆ ಮುಖ ನೋಡದೆ ಸಹಿ ಹಾಕಿದ್ದೇನೆ. ಈಗ ಅದು ಡಿಜಿಟಲ್ ಆಗಿದೆ. ದಶಕಗಳ ಕಾಲ ನೂಲಿನ ಜೊತೆ ದುಡಿದ ನೆರೆಯವರ ಬೆರಳಚ್ಚನ್ನು ಯಂತ್ರ ಗುರುತಿಸಲಿಲ್ಲ. ಎರಡು ತಿಂಗಳು ಅವರ ಸಾವಿರ ರೂಪಾಯಿಯೂ ನಿಂತಿತ್ತು. 2021ರಿಂದ ಮೊಬೈಲ್‌ನಲ್ಲಿ ಮುಖದ ಚಹರೆಯ ಮೂಲಕ ದೃಢೀಕರಿಸುವ ಸೌಲಭ್ಯವಿದೆ ಎಂಬುದು ನನಗೆ ತಿಳಿದಿತ್ತು. ಅವರನ್ನು ನಮ್ಮ ಕಿಟಕಿಯ ಬೆಳಕಿಗೆ ಕೂರಿಸಿ, ಮೂರನೆಯ ಪ್ರಯತ್ನದಲ್ಲಿ ಅದನ್ನು ಸಾಧಿಸಿದೆ. ಆ ಬಳಿಕ ನಮ್ಮ ಬೀದಿಯ ಇನ್ನೂ ಆರು ಮಂದಿ ಬಂದರು. ಈ ವರ್ಷದ ಪಟ್ಟಿಯನ್ನು ಪತ್ನಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಡುಗೆ ಮನೆಯ ಗೋಡೆಗೆ ಸಿಕ್ಕಿಸಿದ್ದಾಳೆ.